ನೀರಿಗೆ ಬಿಟ್ಟ ಮಂಜಿ

1796ರಲ್ಲಿ ಟಿಪ್ಪು ಸುಲ್ತಾನ ನೌಕಾಪಡೆ ಕಟ್ಟುವ ಬಗ್ಗೆ ಒಂದು ಹುಕುಂನಾಮೆ ಹೊರಡಿಸಿದ. 'ಮೀರ್ ಯಮ್' ಎಂಬ ಅಧಿಕಾರಿಗಳ ಮಂಡಳಿ, ಅವರ ಕೈಕೆಳಗೆ ನೌಕಾನಾಯಕರು, ಸುಮಾರು ನಲವತ್ತು ಯುದ್ಧನೌಕೆಗಳು, ಮಂಗಳೂರೂ ಸೇರಿ ಕರಾವಳಿಯ ಮೂರು ಕಡೆ ಹಡಗುಕಟ್ಟೆಗಳು, ಎಲ್ಲವೂ ಆ ಕಾಗದದಲ್ಲಿವೆ. ಮರವನ್ನು ಸರ್ಕಾರದ ಕಾಡಿನಿಂದ ಕಡಿದು ಹೊಳೆಯಲ್ಲಿ ತೇಲಿಸಿ ತರಬೇಕು, ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯಬೇಕು ಎಂಬ ಸೂಚನೆಗಳೂ ಇವೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದಾಗ ಈ ನೌಕಾ ನಿಯಮಗಳನ್ನೂ ಪುಸ್ತಕದ ಕೊನೆಗೆ ಸೇರಿಸಿದ. ಇತಿಹಾಸಕಾರರು ಸಾಮಾನ್ಯವಾಗಿ ಇದರಲ್ಲಿ ಹಡಗುಗಳ ಸಂಖ್ಯೆಯನ್ನು ನೋಡುತ್ತಾರೆ, ತಾಮ್ರದ ತಗಡನ್ನು ನೋಡುತ್ತಾರೆ. ನನ್ನ ಕಣ್ಣು ಸಿಕ್ಕಿಕೊಂಡದ್ದು ಇನ್ನೊಂದು ಸಂಗತಿಯಲ್ಲಿ. ಹಡಗು ಹೇಗಿರಬೇಕು ಎಂಬುದಕ್ಕೆ ಮಾದರಿಯನ್ನು ಸುಲ್ತಾನನೇ ಒದಗಿಸಿದ್ದ.

ಸಮುದ್ರದಿಂದ ಬಹಳ ಒಳಗಿರುವ ಶ್ರೀರಂಗಪಟ್ಟಣದಿಂದ, ತಲೆಮಾರುಗಳಿಂದ ದೋಣಿ ಕಟ್ಟಿಕೊಂಡೇ ಬಂದ ಕರಾವಳಿಗೆ ಹಡಗಿನ ಮಾದರಿ ಬರುವುದು ಮೇಲ್ನೋಟಕ್ಕೆ ತಮಾಷೆಯಾಗಿ ಕಾಣುತ್ತದೆ. ತಮಾಷೆ ಏನೂ ಇಲ್ಲ. ಟಿಪ್ಪುವಿಗೆ ಬೇಕಾಗಿದ್ದದ್ದು ಅಕ್ಕಿ ಸಾಗಿಸುವ ದೋಣಿಯಲ್ಲ, ಸಾಲು ಫಿರಂಗಿ ಹೊರುವ ಯುರೋಪಿನ ಬಗೆಯ ಯುದ್ಧನೌಕೆ. ಅವನ ತಂದೆಯ ಕಾಲದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲೇ ನಾಶ ಮಾಡಿದ್ದ. ಆ ನೆನಪು ಇನ್ನೂ ಹಸಿಯಾಗಿತ್ತು. ಹೊಸ ಆಕಾರವನ್ನು ನಮ್ಮ ಬಡಗಿಗಳಿಗೆ ತಿಳಿಸುವುದು ಹೇಗೆ? ನಕ್ಷೆ ಕಳಿಸಿದರೆ ಓದುವವರಿಲ್ಲ. ಮಾತಿನಲ್ಲಿ ಹೇಳಿದರೆ ವಕ್ರರೇಖೆ ಮಾತಿಗೆ ಸಿಗುವುದಿಲ್ಲ. ಮರದಲ್ಲಿ ಮಾಡಿದ ಪುಟ್ಟ ಹಡಗನ್ನು ಕೈಯಲ್ಲಿಟ್ಟರೆ ಬಡಗಿ ಅದರ ಹೊಟ್ಟೆಯ ಮೇಲೆ ಅಂಗೈ ಆಡಿಸಿ ಅರ್ಥ ಮಾಡಿಕೊಳ್ಳುತ್ತಾನೆ. ಯೋಜನೆ ಪೂರ್ತಿಯಾಗುವ ಮೊದಲೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು.

ಅದೇ ಹೊತ್ತಿಗೆ ಮುಂಬಯಿಯಲ್ಲಿ ಕೆಲಸ ಬೇರೆ ದಾರಿಯಲ್ಲಿ ನಡೆಯುತ್ತಿತ್ತು. 1736ರಲ್ಲಿ ಸೂರತ್ತಿನಿಂದ ಬಂದ ಲವ್ಜಿ ನಸರವಾನ್ಜಿ ವಾಡಿಯಾನ ವಂಶದವರು ಅಲ್ಲಿ ಕಾಗದದ ನಕ್ಷೆ ಓದಿ ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟಿಕೊಡುತ್ತಿದ್ದರು. 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ತೇಗದ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದರ ನಕ್ಷೆಗಳ ಮೊದಲ ಪ್ರತಿಯನ್ನು ತರುತ್ತಿದ್ದ 'ಜಾವಾ' ಹಡಗು 1812ರ ಕೊನೆಗೆ ಅಮೆರಿಕನ್ನರ ಕೈಯಲ್ಲಿ ನಾಶವಾಗಿ, ಇನ್ನೊಂದು ಪ್ರತಿ ಬರುವತನಕ ಮುಂಬಯಿಯಲ್ಲಿ ಕಾಯಬೇಕಾಯಿತು. ಕಾಗದವನ್ನು ನಂಬಿದರೆ ಕಾಗದ ಬಾರದೆ ಕೆಲಸವಿಲ್ಲ.

ಬಸ್ರೂರು, ಗಂಗೊಳ್ಳಿ, ತ್ರಾಸಿ, ಬೈಂದೂರಿನ ಕಡೆಯ ದೋಣಿ ಕಟ್ಟುವವರಿಗೆ ಈ ಎರಡೂ ಬೇಕಿರಲಿಲ್ಲ. ಕಾಗದವೂ ಇಲ್ಲ, ಮಾದರಿಯೂ ಇಲ್ಲ. ಅಳತೆ ಕಣ್ಣಿನಲ್ಲಿ, ಅನುಪಾತ ಬಾಯಿಲೆಕ್ಕದಲ್ಲಿ. ಇದು ಕೆಲಸಕ್ಕೆ ಎಷ್ಟು ಅನುಕೂಲವೋ ಇತಿಹಾಸಕ್ಕೆ ಅಷ್ಟೇ ಅನನುಕೂಲ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ದೋಚಿದ್ದು ದಾಖಲೆಯಲ್ಲಿದೆ. ಪೋರ್ಚುಗೀಸರು ಇಲ್ಲಿಂದ ಅಕ್ಕಿ ಒಯ್ದದ್ದರ ಲೆಕ್ಕವಿದೆ. ಅಕ್ಕಿ ಹೊತ್ತ ಹಡಗಿನ ಹೊಟ್ಟೆ ಯಾವ ಆಕಾರದಲ್ಲಿತ್ತು ಎಂದು ಕೇಳಿದರೆ ನಮ್ಮ ದಾಖಲೆಗಳು ಬಾಯಿ ಬಿಡುವುದಿಲ್ಲ. (ಹಡಗಿನ ಮಾತು ತೆಗೆದ ಕೂಡಲೇ 'ಯುಕ್ತಿಕಲ್ಪತರು'ವನ್ನು ಎಳೆದು ತರುವುದು ನಮ್ಮ ವಿಚಾರಸಂಕಿರಣಗಳಲ್ಲಿ ಒಂದು ಆಚಾರವೇ ಆಗಿದೆ. ಅದರಲ್ಲಿ ನೌಕೆಗಳ ಹೆಸರಿದೆ, ಉದ್ದ ಅಗಲ ಎತ್ತರಗಳ ಪಟ್ಟಿಯಿದೆ. ಆದರೆ ಉದ್ದ ಅಗಲ ಎತ್ತರ ಹೇಳಿದರೆ ಸಿಗುವುದು ಪೆಟ್ಟಿಗೆ, ದೋಣಿಯಲ್ಲ.)

ಹಾಗಾಗಿ ಹೊರಗಿನವರ ಕಡೆ ನೋಡಬೇಕಾಗುತ್ತದೆ. ಶ್ರೀಲಂಕಾದ ಟ್ರಿಂಕೋಮಲಿಯ ಹಡಗುಕಟ್ಟೆಯಲ್ಲಿ ಬಡಗಿಗಳ ಮುಖ್ಯಸ್ಥನಾಗಿದ್ದ ಜಾನ್ ಎಡೈ 1834ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಕೋರಮಂಡಲ, ಮಲಬಾರ್ ಮತ್ತು ಸಿಂಹಳದ ದೋಣಿಗಳ ಬಗ್ಗೆ ಬರೆದ. ಪತ್ತೆಮಾರಿಯ ಮೊದಲ ಒಳ್ಳೆಯ ವಿವರಣೆಗಳಲ್ಲಿ ಅದೊಂದು. ದೊಡ್ಡ ಪತ್ತೆಮಾರಿ ಸುಮಾರು 76 ಅಡಿ ಉದ್ದ, ಸುಮಾರು 200 ಟನ್ ಹೊರೆ. ಮುಂದಕ್ಕೆ ಚಾಚಿದ ಉದ್ದ ಮೂತಿ, ಮುಂದಕ್ಕೆ ಓಲಿದ ಕೂವೆಕಂಬ, ಓರೆ ಗಳುವಿಗೆ ಕಟ್ಟಿದ ಮುಕ್ಕೋನದ ಹಾಯಿ. ಎಲ್ಲಕ್ಕಿಂತ ವಿಚಿತ್ರ ಎಂದರೆ ತಳದ ಬೆನ್ನುಮರ ನೇರವಾಗಿಲ್ಲ, ನಡುವೆ ಬಿಲ್ಲಿನಂತೆ ಮೇಲಕ್ಕೆ ಬಾಗಿದೆ. ಅದೇ ಕಾಲದಲ್ಲಿ ಫ್ರಾನ್ಸಿನ ನೌಕಾಧಿಕಾರಿ ಎಡ್ಮಂಡ್ ಪಾರಿ ಹಡಗಿನಲ್ಲಿ ಲೋಕ ಸುತ್ತುತ್ತ ಯುರೋಪಿನಾಚೆಯ ಜನರ ದೋಣಿಗಳನ್ನು ಅಳೆದು ಬರೆದುಕೊಂಡ. ಆ ಗ್ರಂಥ 1841ರಿಂದ 1843ರ ನಡುವೆ ಪ್ರಕಟವಾಯಿತು. ಮೂವತ್ತು ವರ್ಷದ ಮೇಲೆ, ಪ್ಯಾರಿಸ್ಸಿನ ನೌಕಾ ಮ್ಯೂಸಿಯಮ್ಮಿನ ಮೇಲ್ವಿಚಾರಕನಾದಾಗ, ತನ್ನ ನಕ್ಷೆಗಳನ್ನೇ ಆಧರಿಸಿ ಮರದ ಮಾದರಿಗಳನ್ನು ಮಾಡಿಸಿದ. ಆತ ಅಳೆದ ದೋಣಿಗಳಲ್ಲಿ ಎಷ್ಟೋ ಈಗ ಯಾವ ಕಡಲಲ್ಲೂ ಇಲ್ಲ, ಆ ಕಪಾಟಿನಲ್ಲಿವೆ.

ಪಾರಿಯ ಬಗ್ಗೆ ನನಗೆ ತುಂಬ ಗೌರವ. ಆದರೂ ಕಪಾಟಿನ ಮಾದರಿ ಹೇಳುವುದು ದೋಣಿ ಹೇಗಿತ್ತು ಎಂಬುದನ್ನು ಮಾತ್ರ. ಹೇಗೆ ಹೋಗುತ್ತಿತ್ತು, ಯಾಕೆ ಹಾಗಿತ್ತು ಎಂದು ತಿಳಿಯಲು ಮಾದರಿ ನೀರಿಗಿಳಿಯಬೇಕು. ಇಳಿದರೂ ಅದು ನಿಜ ಹೇಳುತ್ತದೆ ಎಂಬ ಖಾತ್ರಿ ಬಹಳ ಕಾಲ ಯಾರಿಗೂ ಇರಲಿಲ್ಲ. ಪುಟ್ಟ ದೋಣಿಯ ಸುತ್ತ ಏಳುವ ಅಲೆಗೂ ದೊಡ್ಡ ಹಡಗಿನ ಸುತ್ತ ಏಳುವ ಅಲೆಗೂ ಏನು ಸಂಬಂಧ? ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಹಡಗು ತಜ್ಞ ಸ್ಕಾಟ್ ರಸೆಲ್‌ನಂಥವನೇ ಮಾದರಿಯ ಪ್ರಯೋಗಗಳನ್ನು ಅನುಮಾನದಿಂದ ನೋಡುತ್ತಿದ್ದ. ಉತ್ತರ ಕೊಟ್ಟವನು ವಿಲಿಯಂ ಫ್ರೂಡ್. 1867ರಲ್ಲಿ ಇಂಗ್ಲೆಂಡಿನ ಡಾರ್ಟ್ ಹೊಳೆಯಲ್ಲಿ ಅವನು ಎರಡು ಬಗೆಯ ಮಾದರಿಗಳನ್ನು ಎಳೆಸಿ ನೋಡಿದ. ಚೂಪು ಮೂತಿಯದಕ್ಕೆ 'ರೇವನ್', ಮೊಂಡು ಮೂತಿಯದಕ್ಕೆ 'ಸ್ವಾನ್' ಎಂದು ಹೆಸರು. ಪ್ರತಿಯೊಂದನ್ನೂ ಮೂರು, ಆರು, ಹನ್ನೆರಡು ಅಡಿಯ ಮೂರು ಗಾತ್ರದಲ್ಲಿ ಮಾಡಿದ್ದ. ಚೂಪಾದದ್ದೇ ಯಾವಾಗಲೂ ಗೆಲ್ಲುತ್ತದೆ ಎಂಬ ನಂಬಿಕೆ ಆ ಹೊಳೆಯಲ್ಲಿ ಮುಳುಗಿತು. ಅದಕ್ಕಿಂತ ಮುಖ್ಯವಾಗಿ, ವೇಗವನ್ನು ಉದ್ದದ ವರ್ಗಮೂಲಕ್ಕೆ ಸರಿಹೊಂದಿಸಿದರೆ ಚಿಕ್ಕದೂ ದೊಡ್ಡದೂ ಒಂದೇ ತರದ ಅಲೆ ಎಬ್ಬಿಸುತ್ತವೆ ಎಂಬುದು ಸಿಕ್ಕಿತು. 1871ರಲ್ಲಿ 'ಗ್ರೇಹೌಂಡ್' ಎಂಬ ನಿಜವಾದ ಹಡಗನ್ನೇ ಇನ್ನೊಂದು ಹಡಗಿನಿಂದ ಎಳೆಸಿ ಲೆಕ್ಕ ತಾಳೆ ನೋಡಿದರು. ಮರುವರ್ಷ ಟಾರ್ಕಿಯಲ್ಲಿ ಅವನ ಪರೀಕ್ಷಾ ಕೊಳ ಶುರುವಾಯಿತು. ವಿಶಾಖಪಟ್ಟಣದಲ್ಲಿ ನಮ್ಮ ನೌಕಾಪಡೆಯ ಪ್ರಯೋಗಾಲಯದ 500 ಮೀಟರ್ ಉದ್ದದ ಕೊಳ ಅದೇ ಕುಲದ ಕೂಸು.

ಟಿಪ್ಪುವಿನ ಮಾದರಿ ಒಂದು ಆಜ್ಞೆ: ಹೀಗೆ ಕಟ್ಟು. ಫ್ರೂಡನದು ಪ್ರಶ್ನೆ: ಹೀಗೆ ಕಟ್ಟಿದರೆ ಏನಾಗುತ್ತದೆ? ನಾನು ಹಾಯಿಮಂಜಿಯ ಮಾದರಿ ಮಾಡಿಸಲು ಹೊರಟದ್ದು ಈ ಎರಡನೆಯ ಅರ್ಥದಲ್ಲಿ. ನಮ್ಮ ಕಡೆ ಸರಕು ಹೊರುವ ದೊಡ್ಡ ದೋಣಿಗೆ ಮಂಜಿ ಎನ್ನುತ್ತಾರೆ, ಪತ್ತೆಮಾರಿಯ ಬಳಗದ್ದು. ಹೆಸರು ಸತ್ತಿಲ್ಲ, ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಒಯ್ಯುವ ಮಂಜಿಗಳು ಈಗಲೂ ಇವೆ. ಅವಕ್ಕೆ ಎಂಜಿನ್ ಇದೆ. ಹಾಯಿಯಲ್ಲೇ ಓಡುತ್ತಿದ್ದ ಮಂಜಿಗಳನ್ನು ಮುಗಿಸಿದ್ದು ಲಾರಿ ಮತ್ತು ಹೆದ್ದಾರಿ. ತ್ರಾಸಿಯಿಂದ ಮರವಂತೆಗೆ ಹೋಗುವಾಗ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಪ್ರವಾಸಿಗರು ಇಳಿದು ಫೋಟೋ ತೆಗೆಯುವುದು ಇದಕ್ಕೇ. ಸರಕು ಒಮ್ಮೆ ಆ ಎರಡು ನೀರುಗಳ ಮೇಲೆ ಹೋಗುತ್ತಿತ್ತು, ಈಗ ನಡುವಿನ ಡಾಂಬರಿನ ಮೇಲೆ ಹೋಗುತ್ತದೆ.

ಮೀನಿನ ದೋಣಿಗಳ ಕಥೆ ಸ್ವಲ್ಪ ಬೇರೆ. ರಂಪಣಿ ಬಲೆಯ ದೊಡ್ಡ ದೋಣಿಗಳು 1970ರ ದಶಕದ ನಡುವಿನತನಕ ಇದ್ದವು, ಪರ್ಸೀನ್ ಬೋಟು ಬಂದ ಮೇಲೆ ಹಿಂದೆ ಸರಿದವು. ಆಮೇಲೆ ಫೈಬರ್ ಬಂತು. ಆ ಬಗ್ಗೆ ಬರೆದವರಿದ್ದಾರೆ, ಹಾಗಾಗಿ ಇಲ್ಲಿ ಬಿಡುತ್ತೇನೆ.

ಮಾದರಿ ಮಾಡಿಕೊಟ್ಟವರು ಗಂಗೊಳ್ಳಿ ಕಡೆಯ ಒಬ್ಬರು ಆಚಾರ್ರು. ವಯಸ್ಸು ಎಂಬತ್ತರ ಹತ್ತಿರ. ಹುಡುಗನಾಗಿದ್ದಾಗ ಮಂಜಿ ದುರಸ್ತಿಗೆ ಅಪ್ಪನ ಜೊತೆ ಹೋಗುತ್ತಿದ್ದವರು. ನಾನು ಎಡೈಯ ಅಳತೆಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಕನ್ನಡಕ ಹಾಕಿಕೊಂಡು ನೋಡಿದರು, ಪಕ್ಕಕ್ಕಿಟ್ಟರು. "ಇದ್ ಕಾಗ್ದದ್ ಮಂಜಿ ಮಾರಾಯ್ತಿ. ನೀರಿಗ್ ಬಿಟ್ ಕಾಣ್, ಆಗ ಗೊತ್ತಾತ್ತ್" ಎಂದರು. ಫ್ರೂಡನಿಗೆ ಈ ಮಾತು ಇಷ್ಟವಾಗುತ್ತಿತ್ತು.

ಪ್ರಮಾಣ 24ಕ್ಕೆ 1. ಅಂದರೆ 76 ಅಡಿಯ ಮಂಜಿ 38 ಇಂಚು, ಹೆಚ್ಚುಕಡಿಮೆ ಒಂದು ಮೀಟರ್. ಇಲ್ಲಿಯತನಕ ಮಕ್ಕಳ ಲೆಕ್ಕ. ಮುಂದೆ ತಲೆಗೆ ಕೆಲಸ. ಉದ್ದ 24 ಪಟ್ಟು ಇಳಿದರೆ ಹಾಯಿಯ ವಿಸ್ತೀರ್ಣ 24ರ ವರ್ಗ, 576 ಪಟ್ಟು ಇಳಿಯುತ್ತದೆ. ತೂಕ 24ರ ಘನ, 13,824 ಪಟ್ಟು. ಇನ್ನೂರು ಟನ್ನಿನ ಹೊರೆ ಮಾದರಿಯಲ್ಲಿ ಹದಿನಾಲ್ಕೂವರೆ ಕಿಲೋ. ಎರಡಿಂಚು ದಪ್ಪದ ಹಲಗೆ ಎರಡು ಮಿಲಿಮೀಟರು. ಹೆಬ್ಬಲಸನ್ನು ಎರಡು ಮಿಲಿಮೀಟರಿಗೆ ಕೀಸಿ, ಬಿಸಿನೀರಿನಲ್ಲಿ ನೆನೆಸಿ, ಮೂತಿಯ ಕಡೆ ಬಗ್ಗಿಸುವುದು ಸಣ್ಣ ಕೆಲಸವಲ್ಲ. ಮರದ ನಾರು ನಮ್ಮ ಪ್ರಮಾಣಕ್ಕೆ ತಕ್ಕಂತೆ ಸಣ್ಣದಾಗುವುದಿಲ್ಲವಲ್ಲ. ಬೂರುಗವೋ ಹಾಲಿವಾಣವೋ ಆದರೆ ಬೆಣ್ಣೆಯಂತೆ ಕೆತ್ತಬಹುದು, ಕಪಾಟಿಗೆ ಅದೇ ಸಾಕು. ಆಚಾರ್ರು ಒಪ್ಪಲಿಲ್ಲ. ಮಂಜಿ ಎಂದ ಮೇಲೆ ಹೆಬ್ಬಲಸೇ. ಅವರ ಹಟಕ್ಕೆ ದೊಡ್ಡ ಸಾಕ್ಷಿಯೂ ಇದೆ: ಟಿಮ್ ಸೆವೆರಿನ್ 1980ರಲ್ಲಿ ಮಸ್ಕತ್ತಿನಿಂದ ಚೀನಾಕ್ಕೆ ಒಯ್ದ 'ಸೊಹಾರ್' ಎಂಬ ಹೊಲಿದ ಹಡಗಿನ ಹಲಗೆಗಳು ಕೇರಳದಿಂದ ಹೋದ ಹೆಬ್ಬಲಸಿನವು, ಮಲಯಾಳಿಗಳ ಆಞ್ಞಿಲಿ. ಸಂದಿಗೆ ಹತ್ತಿ ತುರುಕಿ, ಎಣ್ಣೆಯಲ್ಲಿ ಕಾಸಿದ ರಾಳ ಬಳಿದರು. ಹೊರಗೆ ಮೀನೆಣ್ಣೆ. ಎರಡು ತಿಂಗಳು ನನ್ನ ಬ್ಯಾಗೆಲ್ಲ ಅದೇ ವಾಸನೆ.

ನಿಜವಾದ ತೊಡಕು ಗಾಳಿಯದ್ದು. ಮಾದರಿಯನ್ನು ಚಿಕ್ಕದು ಮಾಡಬಹುದು, ಮರವಂತೆಯ ಗಾಳಿಯನ್ನು ಚಿಕ್ಕದು ಮಾಡಲಾಗುವುದಿಲ್ಲ. ಫ್ರೂಡನ ಲೆಕ್ಕದಲ್ಲಿ ವೇಗಗಳೆಲ್ಲ 24ರ ವರ್ಗಮೂಲದಿಂದ, ಅಂದರೆ ಸುಮಾರು 4.9ರಿಂದ ಇಳಿಯಬೇಕು. ಗಂಟೆಗೆ ಹನ್ನೆರಡು ಕಿಲೋಮೀಟರಿನ ಸಾಧಾರಣ ಗಾಳಿ ಮಾದರಿಗೆ ಬೀಸಿದರೆ, ಅದು ನಿಜವಾದ ಮಂಜಿಗೆ ಐವತ್ತೊಂಬತ್ತು ಕಿಲೋಮೀಟರಿನ ಬಿರುಗಾಳಿ ಬೀಸಿದ ಹಾಗೆ. ಮಗುಚದೆ ಇನ್ನೇನು? ಹಾಯಿಮಾದರಿ ಓಡಿಸುವ ಹವ್ಯಾಸಿಗಳು ಲೋಕದಲ್ಲೆಲ್ಲ ಇದಕ್ಕೆ ಒಂದೇ ಉಪಾಯ ಮಾಡುತ್ತಾರೆ. ತಳಕ್ಕೆ ಆಳವಾದ ರೆಕ್ಕೆ ಕಟ್ಟಿ, ಅದರ ತುದಿಗೆ ಸೀಸದ ಗುಂಡು. ದೋಣಿ ನೆಟ್ಟಗೆ ನಿಲ್ಲುತ್ತದೆ, ಚೆಂದ ಓಡುತ್ತದೆ. ಆಟಕ್ಕೆ ಇದರಲ್ಲಿ ತಪ್ಪೇನಿಲ್ಲ. ನನ್ನ ಕೆಲಸಕ್ಕೆ ಮಾತ್ರ ಅದು ಸುಳ್ಳು ಸಾಕ್ಷಿ. ರೆಕ್ಕೆ ಕಟ್ಟಿದ ಮೇಲೆ ನೀರನ್ನು ಹಿಡಿಯುವುದು ರೆಕ್ಕೆಯೇ ಹೊರತು ಮಂಜಿಯ ತಳವಲ್ಲ. ಆ ಬಾಗಿದ ಬೆನ್ನುಮರ ಯಾಕೆ ಎಂದು ಕೇಳಲು ಹೋದವಳು ಉತ್ತರ ಬರುವ ಬಾಯನ್ನೇ ಕಟ್ಟಿದ ಹಾಗಾಗುತ್ತದೆ.

ದಾರಿ ಇದ್ದದ್ದು ಗಡಿಯಾರದಲ್ಲಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದಿಂದ ಕಡಲಗಾಳಿ, ರಾತ್ರಿಯಿಂದ ಬೆಳಗಿನತನಕ ನೆಲದಗಾಳಿ. ನೆಲದಗಾಳಿ ಸಾಯುವ ಹೊತ್ತಿಗೆ, ಸೂರ್ಯ ಮೇಲೆ ಬರುವ ಮೊದಲು, ಸೌಪರ್ಣಿಕಾದ ಮೇಲೆ ಮುಖಕ್ಕೆ ತಾಗಿಯೂ ತಾಗದಷ್ಟು ಗಾಳಿ ಇರುತ್ತದೆ. ಗಂಟೆಗೆ ನಾಲ್ಕು ಕಿಲೋಮೀಟರು ಎಂದುಕೊಳ್ಳಿ. ಮಂಜಿಯ ಅಳತೆಗೆ ಅದು ಹತ್ತಿರಹತ್ತಿರ ಇಪ್ಪತ್ತು, ಹಾಯಿ ತುಂಬುವ ಒಳ್ಳೆಯ ಗಾಳಿ. ಹೊಟ್ಟೆಯೊಳಗೆ ಹದಿನಾಲ್ಕೂವರೆ ಕಿಲೋ ಹೊಯ್ಗೆ ಚೀಲ, ಮೇಲೆ ಹಗುರ ಹತ್ತಿಯ ಹಾಯಿ, ರೆಕ್ಕೆಯಿಲ್ಲ, ಸೀಸವಿಲ್ಲ. ಹೀಗೆ ಆದರೆ ಮಂಜಿ ತನ್ನ ತಳದ ಮೇಲೇ ನಿಲ್ಲುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ ಅಷ್ಟೆ. ಆಮೇಲೆ ಗಾಳಿ ಪೂರ್ತಿ ಸಾಯುತ್ತದೆ, ಅಥವಾ ಜಾಸ್ತಿಯಾಗುತ್ತದೆ.

ಹತ್ತು ಮೀಟರಿಗೆ ಎರಡು ಬಿದಿರು ನೆಟ್ಟು ಸಮಯ ಹಿಡಿದೆವು. ಒಳ್ಳೆಯ ಓಟದಲ್ಲಿ ಇಪ್ಪತ್ತು ಸೆಕೆಂಡು. ಅರ್ಧ ಮೀಟರಿಗೆ ಒಂದು ಸೆಕೆಂಡು ಎಂದರೆ ನಿಜದ ಮಂಜಿಗೆ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರು. ಸಂಖ್ಯೆಯನ್ನು ನಾನು ಹೆಚ್ಚು ಎತ್ತಿ ಆಡುವುದಿಲ್ಲ, ಚಿಕ್ಕ ಮಾದರಿಯಲ್ಲಿ ನೀರಿನ ತಿಕ್ಕಾಟ ಅದರ ಪಾಲಿಗಿಂತ ಹೆಚ್ಚು. ಅದನ್ನು ಬೇರೆಯಾಗಿ ಲೆಕ್ಕ ಹಾಕಲು ಫ್ರೂಡನೇ ಕಷ್ಟಪಟ್ಟ. ನನಗೆ ಮೈ ಜುಮ್ಮೆಂದದ್ದು ಬೇರೆ ಕ್ಷಣದಲ್ಲಿ. ಸಮಯವೂ ಅದೇ 4.9ರಿಂದ ಇಳಿಯುವುದರಿಂದ ಮಾದರಿ ನೀರಿನ ಮೇಲೆ ಚಡಪಡಿಸುತ್ತದೆ, ಬಾತುಕೋಳಿಯ ಹಾಗೆ. ಮೊಬೈಲಿನಲ್ಲಿ ಚಿತ್ರೀಕರಿಸಿ ಐದು ಪಟ್ಟು ನಿಧಾನ ಮಾಡಿ ಆಚಾರ್ರಿಗೆ ತೋರಿಸಿದೆ. ಪರದೆಯ ಮೇಲೆ ಇನ್ನೂರು ಟನ್ ಹೊತ್ತ ಮಂಜಿ ಮೆಲ್ಲಗೆ ಮೂತಿ ಎತ್ತಿ, ಮೆಲ್ಲಗೆ ಇಳಿಸಿ ಹೋಗುತ್ತಿತ್ತು. ಅವರು ಎರಡು ಸಲ ನೋಡಿದರು. "ಹೌದ್, ಹೀಂಗೇ ಹೋತಿತ್" ಎಂದರು. ಮೂರನೇ ಸಲ ತೋರಿಸು ಎಂದು ಅವರಾಗಿಯೇ ಕೇಳಿದರು.

ಬೆನ್ನುಮರದ ವಿಷಯ. ಕಳಚಿ ಹಾಕಬಲ್ಲ ಒಂದು ಪಟ್ಟಿ ಮಾಡಿಸಿ, ತಳದ ಬಾಗನ್ನು ತುಂಬಿ ನೇರ ಮಾಡಿಯೂ ನೋಡಿದೆವು. ನೇರ ತಳದ ಮಂಜಿ ಅಡ್ಡಗಾಳಿಯಲ್ಲಿ ಮೂತಿಯನ್ನು ಗಾಳಿ ಹೋಗುವ ಕಡೆಗೇ ತಿರುಗಿಸಿಕೊಂಡಿತು, ಚುಕ್ಕಾಣಿಯನ್ನು ಒತ್ತಿ ಕಟ್ಟಿದರೆ ಮಾತ್ರ ದಾರಿಗೆ ಬಂತು. ಪಟ್ಟಿ ತೆಗೆದರೆ ಅಷ್ಟು ಒತ್ತುವ ಅಗತ್ಯವಿಲ್ಲ. ನನಗೆ ತೋಚುವ ಕಾರಣ ಇದು: ಕಂಬ ಮುಂದಕ್ಕೆ ಓಲಿದ್ದರಿಂದ ಹಾಯಿಯ ಎಳೆತವೂ ಮುಂದಕ್ಕೆ ಬೀಳುತ್ತದೆ. ಅದಕ್ಕೆ ಎದುರಾಗಿ ನೀರಿನೊಳಗಿನ ಹಿಡಿತವೂ ಮುಂದೆಯೇ ಇರಬೇಕು. ನಡು ಬಾಗಿದ ತಳದಲ್ಲಿ ಮೂತಿಯ ಬುಡ ಆಳಕ್ಕೆ ಇಳಿದಿರುತ್ತದೆ, ಹಿಡಿತ ಅಲ್ಲಿ ಸಿಗುತ್ತದೆ. ಓಲಿದ ಕಂಬ ಮತ್ತು ಬಾಗಿದ ತಳ ಎರಡು ಬೇರೆ ವಿಚಿತ್ರಗಳಲ್ಲ, ಒಂದೇ ತಕ್ಕಡಿಯ ಎರಡು ತಟ್ಟೆ. ಒಂದು ಮಾದರಿ, ಒಂದು ಹೊಳೆ, ಕೆಲವು ಬೆಳಗುಗಳ ಮೇಲೆ ಹೇಳುವ ಮಾತು ಇದು, ಅಷ್ಟರ ಮಟ್ಟಿಗೆ ತೆಗೆದುಕೊಳ್ಳಬೇಕು. ಆದರೆ ಕಾಗದದಿಂದ ಇಷ್ಟೂ ಸಿಕ್ಕಿರಲಿಲ್ಲ. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಪಾಲಿಶ್ ಹೊಡೆದ ಹಾಯಿದೋಣಿಗಳನ್ನು ಮಾರುತ್ತಾರಲ್ಲ, ತಳ ಗೆರೆ ಎಳೆದಷ್ಟು ನೇರ, ಕಂಬ ದೀಪಸ್ತಂಭದಷ್ಟು ನೆಟ್ಟಗೆ. ಅವುಗಳಿಂದಲೂ ಸಿಗುವುದಿಲ್ಲ.

ಇಂಥ ಕೆಲಸ ದೊಡ್ಡ ಪ್ರಮಾಣದಲ್ಲಿ ನಮ್ಮ ರಾಜ್ಯದ ಕರೆಯಲ್ಲೇ ಮೊನ್ನೆ ಕಾಣಿಸಿತು. ಅಜಂತಾದ ಒಂದು ಚಿತ್ರವನ್ನು ನೋಡಿ ಕಟ್ಟಿದ ಹೊಲಿದ ಹಡಗು 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಕಟ್ಟಿದವರು ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಕುಶಲಕರ್ಮಿಗಳು. ನಕ್ಷೆ ಇರಲಿಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರ ಮಾತ್ರ. ಹಾಗಾಗಿ ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ಜೊತೆ ಸೇರಿ ಮೊದಲು ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ಐದನೆಯ ಶತಮಾನದ ಹಡಗಿಗೆ ಇಷ್ಟು ಮಾಡಿದ್ದು ಸರಿಯೇ. ನನ್ನ ತಕರಾರು ಇಷ್ಟೇ, ಸಾವಿರದ ಐನೂರು ವರ್ಷದ ಹಿಂದಿನದಕ್ಕೆ ಚಿತ್ರವನ್ನು ದಿಟ್ಟಿಸಬೇಕು, ಊಹಿಸಬೇಕು. ಹಾಯಿಮಂಜಿಗೆ ಊಹೆ ಬೇಡ. ಅದನ್ನು ಕಟ್ಟಿದವರ, ಓಡಿಸಿದವರ ಪೈಕಿ ಕೆಲವರು ಇನ್ನೂ ಬೆಳಿಗ್ಗೆ ಎದ್ದು ಚಾ ಕುಡಿದು ಜಗಲಿಯ ಮೇಲೆ ಕುಳಿತಿರುತ್ತಾರೆ. ಅವರ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟರೆ "ಎಂತ ಹೇಳುದ್" ಎನ್ನುತ್ತಾರೆ. ಮಾದರಿ ಇಟ್ಟರೆ ಕೈ ತಾನಾಗಿ ಮುಂದೆ ಬರುತ್ತದೆ.

ಕಂಬದ ಬುಡದ ಬೆಣೆಗಳ ಮಾತು ಬಂದದ್ದೂ ಹಾಗೆಯೇ. ಆಚಾರ್ರು ಮಾದರಿಯ ಮುಂಗಂಬವನ್ನು ಹಿಡಿದು ಅಲ್ಲಾಡಿಸಿ, ಇದನ್ನು ಹೀಗೆ ಬಿಗಿದದ್ದು ಸರಿಯಲ್ಲ, ಬೆಣೆ ಕೊಟ್ಟು ಓಲಿಕೆಯನ್ನು ಹೆಚ್ಚುಕಡಿಮೆ ಮಾಡಲು ಬರಬೇಕು ಎಂದರು. ಯಾಕೆ ಎಂದೆ. "ಅಕ್ಕಿಗ್ ಒಂದ್ ನಮ್ನಿ, ಹಂಚಿಗ್ ಒಂದ್ ನಮ್ನಿ" ಎಂದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ದೋಣಿಗಳಿಗೆ ಹಂಚು ದೊಡ್ಡ ಸರಕಾಯಿತು. ಅಕ್ಕಿಯಂತೆ ಅದು ಮೂಲೆಮೂಲೆಗೆ ಹರಡಿ ಕೂರುವುದಿಲ್ಲ, ಇಟ್ಟಲ್ಲೇ ಭಾರ. ಹೊರೆ ಎಲ್ಲಿ ಕೂತಿತೋ ಅದಕ್ಕೆ ತಕ್ಕಂತೆ ದೋಣಿ ಮೂತಿ ಇಳಿಸುತ್ತದೆ ಅಥವಾ ಎತ್ತುತ್ತದೆ, ಹಾಯಿಯೂ ಅದಕ್ಕೆ ಹೊಂದಬೇಕು. ಈಗ ಹೊಯ್ಗೆ ಚೀಲದ ಬದಲು ಒಡೆದ ಹಂಚಿನ ಚೂರುಗಳನ್ನು ಹದಿನಾಲ್ಕೂವರೆ ಕಿಲೋ ತೂಗಿ ಇಟ್ಟುಕೊಂಡಿದ್ದೇವೆ. ಕಂಬಕ್ಕೆ ಮೂರು ಅಳತೆಯ ಬೆಣೆಗಳನ್ನು ಆಚಾರ್ರು ಕೆತ್ತಿಟ್ಟಿದ್ದಾರೆ. ನವರಾತ್ರಿ ಕಳೆದು ಬೆಳಗಿನ ನೆಲದಗಾಳಿ ಕಟ್ಟುನಿಟ್ಟಾಗಿ ಬರತೊಡಗಿದ ಮೇಲೆ ಹಂಚಿನ ಮಂಜಿ ಹೊಳೆಗೆ ಇಳಿಯಬೇಕು.